ಸಿದ್ದಯ್ಯನ ನಂಬರು

ಮುದುಕನಿಗೆ ನೆನಪು ಜಾರಿದೆ, ಕಥೆಗೆ ಬಾಲ ಸೇರಿಸುತ್ತಾನೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದವರು ಯಾರೋ, ಅವರು ಮೊದಲು ಮೊನ್ನೆ ತಮ್ಮ ಮನೆಯಲ್ಲಿ ಏನು ಸಾರು ಮಾಡಿದ್ದರು ಹೇಳಲಿ. ಆಮೇಲೆ ನನ್ನ ನೆನಪಿನ ಮಾತು. ಇದು ಬೆಟ್ಟದಪುರದ ಕಡೆಯ ಒಂದು ಊರಿನಲ್ಲಿ ನಡೆದದ್ದು. ಊರಿನ ಹೆಸರು ಬೇಡ, ಕಥೆಯಲ್ಲಿರುವ ಇಬ್ಬರೂ ಜಗಳಗಂಟರು. ಸುಮ್ಮನೆ ಕೂತು ಕೇಳಿ.

ನೀಲಕಂಠಸ್ವಾಮಿಗೂ ಸಿದ್ದಯ್ಯನಿಗೂ ಒಂದೇ ವಯಸ್ಸು. ಇಬ್ಬರದೂ ಹೊಗೆಸೊಪ್ಪಿನ ಬೇಸಾಯ. ಎರಡು ಮನೆಗಳ ನಡುವೆ ಒಂದೇ ಗೋಡೆ. ಸಿದ್ದಯ್ಯನ ಸೊಪ್ಪಿಗೆ ಒಳ್ಳೆ ಬಣ್ಣ ಬಂದರೆ ನೀಲಕಂಠಸ್ವಾಮಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಅವನ ಬೋರಿನಲ್ಲಿ ನೀರು ಜಾಸ್ತಿ ಬಂದರೂ ಅಷ್ಟೆ. ಅರವತ್ತರ ಆಸುಪಾಸಿನಲ್ಲೂ ಸಿದ್ದಯ್ಯನ ತಲೆಗೂದಲು ಕಪ್ಪಗಿತ್ತು. ಅದನ್ನಂತೂ ಸಹಿಸುವುದೇ ಕಷ್ಟವಾಗಿತ್ತು.

ಹೋದ ವರ್ಷ ನೀಲಕಂಠಸ್ವಾಮಿಗೆ ಎದೆ ಹಿಡಿದುಕೊಂಡಿತ್ತು. ಪಿರಿಯಾಪಟ್ಟಣದ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕೊಲೆಸ್ಟ್ರಾಲ್ ಜಾಸ್ತಿಯಿದೆ, ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತಿದೆ ಎಂದು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಮುಂದಿನ ಲ್ಯಾಬ್ ಪರೀಕ್ಷೆಯ ಹೊತ್ತಿಗೆ ಮಾತ್ರೆಯಿಂದ ಕೊಲೆಸ್ಟ್ರಾಲ್ ಇಳಿದಿತ್ತು. ಹೆಂಡತಿ ಮಂಗಳಮ್ಮ ಊಟವಾದ ಕೂಡಲೇ ಮಾತ್ರೆ ಕೈಗಿಟ್ಟು, ನುಂಗುವವರೆಗೂ ಎದುರಿಗೆ ನಿಂತಿರುತ್ತಿದ್ದಳು.

ಹೀಗಿರುವಾಗ ಸಿದ್ದಯ್ಯನ ಅಳಿಯ ಕಾಂತರಾಜು ಮೈಸೂರಿನಿಂದ ಒಂದು ಮೆಷಿನ್ ತಂದ. ಸಕ್ಕರೆ ಕಾಯಿಲೆ ನೋಡಲು ಇರುತ್ತದಲ್ಲ, ಅದೇ ಥರದ್ದು, ಕೊಲೆಸ್ಟ್ರಾಲ್ ನೋಡುವುದಕ್ಕೆ. ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಮೆಷಿನ್ನಿಗೆ ಸಿಕ್ಕಿಸಿದ ಸಣ್ಣ ಪಟ್ಟಿಗೆ ಮುಟ್ಟಿಸಿದರೆ ನಂಬರು ಬರುತ್ತದೆ. ಬೀದಿಯವರೆಲ್ಲ ಸಿದ್ದಯ್ಯನ ಜಗಲಿಯಲ್ಲಿ ನೆರೆದರು. ಹೋಗಬಾರದು ಅಂದುಕೊಂಡೇ ನೀಲಕಂಠಸ್ವಾಮಿಯೂ ಹೋದ.

ಅವನದು ಇನ್ನೂರ ಹದಿನಾಲ್ಕು ಬಂತು. ಸಿದ್ದಯ್ಯನದು ನೂರ ಅರವತ್ತೆರಡು. ಇನ್ನೂರರ ಒಳಗಿದ್ದರೆ ವಾಸಿ ಎಂದು ಕಾಂತರಾಜು ಹೇಳಿದ.

"ಏನ್ಲಾ ಸ್ವಾಮಿ, ವಾರವಾರ ಮರಿ ಬಾಡು ತಿನ್ನೋನು ನಾನು. ಸೊಪ್ಸಾರು ಉಣ್ಣೋ ನಿನ್ ಮೈಗೆ ಕೊಬ್ಬು ಎಲ್ಲಿಂದ ಬಂತಪ್ಪ?" ಎಂದ ಸಿದ್ದಯ್ಯ.

ಜಗಲಿಯೆಲ್ಲ ನಕ್ಕಿತು.

ನೀಲಕಂಠಸ್ವಾಮಿಗೆ ಮೈ ಉರಿಯಿತು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಮೈ ಅದು. ಸಾಲದ್ದಕ್ಕೆ ಮಾತ್ರೆ ಬೇರೆ. ಭಾನುವಾರ ಗೋಡೆಯಾಚೆಯಿಂದ ಮಸಾಲೆ ವಾಸನೆ ಬಂದರೆ ಸಾಕು, ಆ ನೂರ ಅರವತ್ತೆರಡು ಕಣ್ಣೆದುರು ಕುಣಿಯುತ್ತಿತ್ತು. ಲ್ಯಾಬಿನಲ್ಲಿ ನಿಮ್ಮದೂ ಇನ್ನೂರರ ಒಳಗೇ ಬಂದಿತ್ತಲ್ಲ, ಸುಮ್ಮನಿರಿ ಎಂದಳು ಮಂಗಳಮ್ಮ. ಒಳಗೆ ಬಂದರೇನು, ಸಿದ್ದಯ್ಯನಿಗಿಂತ ಕೆಳಗೆ ಬಂದಿತ್ತಾ ಎಂದು ಅವನು ಕೇಳಿದ.

ಮಾರನೆಯ ವಾರ ಅವನೂ ಒಂದು ಮೆಷಿನ್ ಕೊಂಡ. ಮಂಗಳಮ್ಮ ನೋಡಿದರೆ ಬೈಯುತ್ತಾಳೆ ಎಂದು ಮನೆಗೆ ತರಲಿಲ್ಲ. ಅದು ಸೊಪ್ಪು ಬೇಯಿಸುವ ಕಾಲ, ಅವನ ವಾಸವೆಲ್ಲ ಬೇಯಿಸುವ ಮನೆಯಾದ ಬ್ಯಾರನ್ ಹತ್ತಿರ. ಒಳಗೆ ಎಲೆ ಬೇಯುತ್ತದೆ, ಹೊರಗಿನ ಚಪ್ಪರದಡಿ ಕೂತು ಒಲೆಗೆ ಸೌದೆ ತಳ್ಳಬೇಕು. ಸುತ್ತ ಸೋನೆ ಮಳೆ. ಶೀತಕ್ಕೆ ಕೆಡಬಾರದು ಎಂದು ಮೆಷಿನ್ನನ್ನೂ ಪಟ್ಟಿಯ ಡಬ್ಬಿಯನ್ನೂ ಒಲೆಯ ಮೇಲಿನ ಗೂಡಿನಲ್ಲಿ ಬೆಚ್ಚಗೆ ಇಟ್ಟ. ಬುದ್ಧಿವಂತಿಕೆ ನೋಡಿ.

ಎಲೆ ಕಟ್ಟಿದ ಕೈಯಲ್ಲಿ ಕರ್ರಗೆ ಅಂಟು. ಅದನ್ನು ಟವೆಲ್ಲಿಗೆ ಒರೆಸಿ ಚುಚ್ಚಿಕೊಂಡ. ಬೆರಳು ಗಡುಸು, ರಕ್ತ ಬರಲಿಲ್ಲ. ಹಸುವಿನ ಮೊಲೆ ಹಿಂಡುವ ಹಾಗೆ ಹಿಂಡಿದ. ನಂಬರು ಬಂತು, ನೂರ ಐವತ್ತೊಂದು.

ಸಿದ್ದಯ್ಯನಿಗಿಂತ ಕಡಿಮೆ! ಆ ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು. ಅವತ್ತಿನಿಂದ ಬುತ್ತಿಯ ಜೊತೆ ಮಂಗಳಮ್ಮ ಕಳಿಸುತ್ತಿದ್ದ ಮಾತ್ರೆ ನೇರ ಬ್ಯಾರನ್ ಒಲೆಗೆ ಹೋಯಿತು. ಮಾತ್ರೆ ನುಂಗಿ ಗೆದ್ದ ಎಂದು ಸಿದ್ದಯ್ಯ ನಾಳೆ ಆಡಿಕೊಳ್ಳಬಾರದಲ್ಲ.

ಸೊಪ್ಪಿನ ಕಾಲ ಮುಗಿಯುವ ಹೊತ್ತಿಗೆ ಸೌದೆ ಎತ್ತಿದರೆ ಎದೆಯಲ್ಲಿ ಹಿಡಿದಂತಾಗತೊಡಗಿತು. ನೂರ ಐವತ್ತೊಂದು ಇರುವವನಿಗೆ ಎದೆನೋವು ಬರುತ್ತದೆಯೇ, ಗ್ಯಾಸ್ ಇರಬೇಕು ಎಂದುಕೊಂಡ. ಕೂತು ಸುಧಾರಿಸಿಕೊಂಡು, ಸಿದ್ದಯ್ಯನ ಜಗಲಿಗೆ ಹೋಗಿ ತನ್ನ ನಂಬರು ಹೇಳಿಯೇ ಬಿಟ್ಟ.

"ನಿನ್ ಮೆಷಿನ್ನು ಡೂಪ್ಲಿಕೇಟು ಕಣ್ಲಾ," ಎಂದ ಸಿದ್ದಯ್ಯ.

"ನಿಂದೇ ಡೂಪ್ಲಿಕೇಟು. ಬಾ ಆಸ್ಪತ್ರೆಗೆ. ಲ್ಯಾಬ್ನೋರೇ ಹೇಳ್ಲಿ, ಯಾರ್ ಮೈಲಿ ಕೊಬ್ಬೈತೆ ಅಂತ."

ನೀಲಕಂಠಸ್ವಾಮಿಗೆ ಬೇಕಿದ್ದದ್ದು ಒಂದೇ. ಸಿದ್ದಯ್ಯನ ನಂಬರು ಏರಬೇಕು. ಅದನ್ನು ಕಣ್ಣಾರೆ ನೋಡಬೇಕು.

ಮರುದಿನ ಖಾಲಿ ಹೊಟ್ಟೆಯಲ್ಲಿ ಇಬ್ಬರೂ ತಮ್ಮ ತಮ್ಮ ಮೆಷಿನ್ ಹಿಡಿದು ಪಿರಿಯಾಪಟ್ಟಣದ ಬಸ್ಸು ಹತ್ತಿದರು. ಮಂಗಳಮ್ಮನೂ ಜೊತೆಗೆ ಹೊರಟಳು. ಡಾಕ್ಟರಮ್ಮ ಇಬ್ಬರಿಗೂ ತಮ್ಮೆದುರೇ ಚುಚ್ಚಿಕೊಳ್ಳಲು ಹೇಳಿ, ಹೇಗೆ ಮಾಡುತ್ತಾರೆ ಎಂದು ನೋಡಿದರು. ನೀಲಕಂಠಸ್ವಾಮಿಗೆ ನೂರ ನಲವತ್ತೊಂಬತ್ತು, ಸಿದ್ದಯ್ಯನಿಗೆ ನೂರ ಐವತ್ತೆಂಟು. ಆಮೇಲೆ ತೋಳಿನಿಂದ ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದರು.

ಮಧ್ಯಾಹ್ನ ರಿಪೋರ್ಟು ಬಂತು. ಸಿದ್ದಯ್ಯನದು ಇನ್ನೂರ ನಲವತ್ತೇಳು. ನೀಲಕಂಠಸ್ವಾಮಿಯದು ಇನ್ನೂರ ಅರವತ್ತೊಂದು.

"ಮಾತ್ರೆ ತಗೋತಾ ಇದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು.

ನೀಲಕಂಠಸ್ವಾಮಿ ಹೆಂಡತಿಯ ಮುಖ ನೋಡದೆ, ಒಲೆಗೆ ಹಾಕಿದ್ದನ್ನು ಹೇಳಿದ. ಎದೆ ಹಿಡಿದದ್ದನ್ನೂ ಹೇಳಿದ. ಮಂಗಳಮ್ಮ ಬೈಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಡಾಕ್ಟರಮ್ಮ ತಕ್ಷಣ ಇಸಿಜಿ ಮಾಡಿಸಿದರು. ಸದ್ಯ, ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಆದರೂ ಮೈಸೂರಿನ ಹೃದಯದ ಡಾಕ್ಟರಿಗೆ ತೋರಿಸಲೇಬೇಕೆಂದು ಚೀಟಿ ಬರೆದರು.

ಆಮೇಲೆ ಇಬ್ಬರ ಪಟ್ಟಿಯ ಡಬ್ಬಿಗಳನ್ನು ಕೈಗೆತ್ತಿಕೊಂಡರು. ಸಿದ್ದಯ್ಯನ ಪಟ್ಟಿಗಳ ತಾರೀಕು ಮುಗಿದು ಎಷ್ಟೋ ಕಾಲವಾಗಿತ್ತು. ಅಳಿಯ ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದ. ಅಂಥ ಪಟ್ಟಿ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ತೋರಿಸುತ್ತದೆ. ನೀಲಕಂಠಸ್ವಾಮಿಯದು ಬ್ಯಾರನ್ ಬಿಸಿಗೆ ಕೆಟ್ಟಿತ್ತು. ಇಬ್ಬರೂ ಬೆರಳು ಹಿಂಡಿದ್ದರು, ಹಿಂಡಿದರೆ ರಕ್ತದ ಜೊತೆ ಬೆರಳೊಳಗಿನ ನೀರೂ ಸೇರಿ ನಂಬರು ಇಳಿಯುತ್ತದೆ.

"ಮೆಷಿನ್ ಬೇಡ ಅಂತಲ್ಲ," ಎಂದರು ಡಾಕ್ಟರಮ್ಮ. "ಒಳ್ಳೆ ಮೆಷಿನ್ನು, ಸರಿಯಾಗಿ ಮಾಡಿದ್ರೂ ಲ್ಯಾಬಿಗಿಂತ ಸ್ವಲ್ಪ ಮೇಲೆ ಕೆಳಗೆ ತೋರಿಸುತ್ತೆ. ನಿಮ್ಮ ಥರ ಮಾಡಿದ್ರೆ ಎಲ್ಲಿಗೋ ಹೋಗುತ್ತೆ. ಯಾವ ಸಲ ಸರಿ, ಯಾವ ಸಲ ತಪ್ಪು ಅಂತ ಮನೇಲಿ ಗೊತ್ತಾಗೋದು ಹೇಗೆ? ಕೆಟ್ಟ ಕೊಲೆಸ್ಟ್ರಾಲ್ ಎಷ್ಟು, ಒಳ್ಳೇದೆಷ್ಟು ಅಂತ ನಿಮ್ಮ ಈ ಮೆಷಿನ್ನು ಬಿಡಿಸಿ ಹೇಳೋದೂ ಇಲ್ಲ. ಅದನ್ನ ನೋಡಿ ಮಾತ್ರೆ ಬಿಡಬೇಡಿ, ಶುರುನೂ ಮಾಡಬೇಡಿ." ಲ್ಯಾಬಿನ ರಿಪೋರ್ಟು ನೋಡಿ ಸಿದ್ದಯ್ಯನಿಗೂ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ನೀಲಕಂಠಸ್ವಾಮಿ ಪಕ್ಕಕ್ಕೆ ತಿರುಗಿ ನೋಡಿದ. ಇಷ್ಟು ದಿನ ಬಯಸಿದ್ದು ಸಿಕ್ಕಿತ್ತು. ಸಿದ್ದಯ್ಯನ ನಂಬರು ಏರಿತ್ತು. ಸಿದ್ದಯ್ಯ ಆ ಕಾಗದದ ನಂಬರಿನ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಓದುತ್ತಿದ್ದ. ಅವನಪ್ಪ ಜವರಯ್ಯ ಬ್ಯಾರನ್ ಬಾಗಿಲಲ್ಲಿ ಎದೆ ಹಿಡಿದುಕೊಂಡು ಬಿದ್ದದ್ದನ್ನು ಇಬ್ಬರೂ ಕಣ್ಣಾರೆ ಕಂಡಿದ್ದರು.

"ನಮ್ಮಪ್ಪಂಗೂ ಇದೇ ಇತ್ತೇನೋ ಕಣ್ಲಾ," ಎಂದ ಸಿದ್ದಯ್ಯ.

ನೀಲಕಂಠಸ್ವಾಮಿಗೆ ಬಾಯಿ ಕಹಿಯಾಯಿತು. ಎದ್ದು ಅವನ ತೋಳು ಹಿಡಿದು ಹೇಳಿದ, "ಬುಡು. ನಿಮ್ಮಪ್ಪಂಗೆ ಗೊತ್ತಾಗ್ನಿಲ್ಲ. ನಿಂಗೆ ಗೊತ್ತಾಯ್ತಲ್ಲ. ಏಳು, ಮಾತ್ರೆ ಇಸ್ಕೊಳವ."

ನೀಲಕಂಠಸ್ವಾಮಿ ಮೈಸೂರಿಗೂ ಹೋಗಿ ತೋರಿಸಿಕೊಂಡು ಬಂದ. ಹೊಟ್ಟೆಕಿಚ್ಚು ಹೋಯಿತು ಅಂದುಕೊಳ್ಳಬೇಡಿ. ಈಗ ಸಂಜೆ ಊಟವಾದ ಮೇಲೆ ಗೋಡೆಯ ಈ ಕಡೆಯಿಂದ ಒಬ್ಬ, "ನಂದಾಯ್ತು, ನಿಂದಾಯ್ತೇನ್ಲಾ?" ಎಂದು ಕೂಗುತ್ತಾನೆ. ತಾನು ಹಿಂದೆ ಬಿದ್ದೆನಲ್ಲ ಎಂದು ಆ ಕಡೆಯವನು ಉರಿದುಕೊಂಡು ಮಾತ್ರೆ ನುಂಗುತ್ತಾನೆ. ಮಂಗಳಮ್ಮ ಎದುರಿಗೆ ನಿಲ್ಲುವುದನ್ನು ಬಿಟ್ಟಿದ್ದಾಳೆ.

ಈಗ ನಿಮಗೆ ಹೇಳುತ್ತೇನೆ. ಮನೆಯಲ್ಲಿ ಮೆಷಿನ್ ಇದ್ದರೆ ಪಟ್ಟಿಯ ತಾರೀಕು ನೋಡಿ. ಡಬ್ಬಿಯ ಮೇಲೆ ಬರೆದಂತೆ ಇಡಿ, ಬಿಸಿಯಲ್ಲೂ ಬೇಡ, ತೇವದಲ್ಲೂ ಬೇಡ. ಕೈಯನ್ನು ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಚುಚ್ಚಿಕೊಳ್ಳಿ. ಬೆರಳು ಹಿಂಡಬೇಡಿ. ನಂಬರು ಹೆಚ್ಚು ಬರಲಿ, ಕಡಿಮೆ ಬರಲಿ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ಎದೆ ಹಿಡಿದರೆ ಮೆಷಿನ್ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಈ ಕಥೆಯನ್ನು ಇನ್ನೊಬ್ಬರಿಗೆ ದಾಟಿಸಿ. ಯಾರಿಗೆ ಮೊದಲು ಅಂತೀರಾ? ಯಾರನ್ನು ಕಂಡರೆ ನಿಮಗೆ ಹೊಟ್ಟೆ ಉರಿಯುತ್ತದೋ, ಅವರಿಗೇ ಮೊದಲು ಕಳಿಸಿ. ಅವರು ಇದ್ದರೆ ತಾನೇ ನಿಮಗೂ ಉರಿದುಕೊಳ್ಳಲು ಒಬ್ಬರು.