ಸಂಕರ್ಷಣರಾಯರ ಎರಡು ಒಪಿನಿಯನ್

ವಕೀಲ ಸಂಕರ್ಷಣರಾಯರು ಇಪ್ಪತ್ತೆರಡು ವರ್ಷ ಒಂದೇ ವಿಮಾ ಕಂಪನಿಯ ಬಾಲ ಹಿಡಿದು ಬಸವನಗುಡಿಯಲ್ಲಿ ಎರಡಂತಸ್ತಿನ ಮನೆ ಕಟ್ಟಿದ್ದರು. ಅವರ ಹೆಸರಿಗೆ ಕಾರಣ ವಾದವಲ್ಲ; ಕೋರ್ಟಿನಲ್ಲಿ ಅವರ ಬಾಯಿಂದ ನೆಟ್ಟಗೆ ನಾಲ್ಕು ಮಾತು ಹೊರಡುತ್ತಿರಲಿಲ್ಲ. ಕಾರಣ ಅವರ ಒಪಿನಿಯನ್. ಸುಟ್ಟ ಅಂಗಡಿ, ನೀರು ನುಗ್ಗಿದ ಗೋದಾಮು, ಕಳುವಾದ ಲಾರಿ, ಯಾವುದರ ಕ್ಲೇಮು ಬಂದರೂ ಪರಿಹಾರ ಕೊಡಬೇಕೋ ಬೇಡವೋ ಎಂದು ಕಂಪನಿ ರಾಯರನ್ನು ಕೇಳುತ್ತಿತ್ತು. ರಾಯರು ಪ್ರತಿ ಫೈಲಿಗೂ ಎರಡು ಒಪಿನಿಯನ್ ಬರೆಸುತ್ತಿದ್ದರು. ಕೊಡಲೇಬೇಕು ಅಂತ ಒಂದು, ಕೊಡಬೇಕಾಗಿಲ್ಲ ಅಂತ ಇನ್ನೊಂದು. ಎರಡಕ್ಕೂ ಅದೇ ದಪ್ಪ ಅಕ್ಷರದ ರುಜು. ಆಮೇಲೆ ಮ್ಯಾನೇಜರ್ ವೀರಭದ್ರಯ್ಯನವರಿಗೆ ಫೋನು.

“ಎರಡೂ ರೆಡಿ ಇದೆ ಸಾರ್. ಯಾವುದು ಕಳಿಸ್ಲಿ?”

ಈ ನಾಚಿಕೆಗೇಡಿತನಕ್ಕೆ ಅವರು ‘ಅನುಭವ’ ಎಂದು ಹೆಸರಿಟ್ಟಿದ್ದರು.

ಎರಡನ್ನೂ ಬರೆಯುತ್ತಿದ್ದವಳು ಜೂನಿಯರ್ ವಾಣಿ. ತ್ಯಾಗರಾಜನಗರದಿಂದ ದಿನಾ ನಡೆದು ಬರುತ್ತಿದ್ದ ಅವಳಿಗೆ ರಾಯರನ್ನು ಕಂಡರೆ ಹೇಸಿಗೆ. ಅವರು ಸೊರ್ ಎಂದು ಕಾಫಿ ಹೀರುವುದು, ಫೋನಿನಲ್ಲಿ ವೀರಭದ್ರಯ್ಯನವರ ಹೆಸರು ಕೇಳಿದೊಡನೆ ಕುರ್ಚಿಯಿಂದ ಅರ್ಧ ಏಳುವುದು, ಎಲ್ಲವೂ ಹೇಸಿಗೆ. ಮುಂದಿನ ವರ್ಷ ಕಂಪನಿಯ ವಕೀಲರ ಪಟ್ಟಿಗೆ ನಿನ್ನ ಹೆಸರೂ ಸೇರಿಸ್ತೀನಿ ಎಂದು ರಾಯರು ಹೇಳಿದ್ದರು. ಆ ಒಂದು ಮಾತಿನ ಮೇಲೆ ಅವಳು ಆ ಹೇಸಿಗೆಯನ್ನು ಮೂರು ವರ್ಷ ನುಂಗಿದ್ದಳು.

ತೊಂಬತ್ತೆಂಟರ ಮಾರ್ಚಿನಲ್ಲಿ ರಾಮಾಂಜಿನಪ್ಪನ ಫೈಲು ಬಂತು. ಚಾಮರಾಜಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಅವನದು. ವೈರು ಸುಟ್ಟು ಬೆಂಕಿ ಹತ್ತಿ, ಮದುವೆ ಸೀಸನ್ನಿಗೆಂದು ತುಂಬಿಸಿದ್ದ ಬೂರುಗದ ಹತ್ತಿಯೆಲ್ಲ ಹಿಂದಿನ ವರಾಂಡದಲ್ಲಿ ಬೂದಿಯಾಗಿತ್ತು. ಅಂಗಡಿಯ ಒಳಗಿರುವ ಸರಕಿಗೆ ಮಾತ್ರ ವಿಮೆ ಎಂದಿತ್ತು ಪಾಲಿಸಿ. ವರಾಂಡ ಒಳಗೋ ಹೊರಗೋ ಎಂಬುದೇ ಪ್ರಶ್ನೆ.

ಬುದ್ಧಿಯಿದ್ದವರು ಕೇಳುವ ಪ್ರಶ್ನೆಯೇ ಅಲ್ಲ ಅದು. ಆದರೂ ವಾಣಿ ಹೋಗಿ ನೋಡಿದಳು. ಒಂದೇ ಸೂರು, ಒಂದೇ ಮೀಟರು, ವರಾಂಡಕ್ಕೆ ಹೋಗಲು ಅಂಗಡಿಯ ಮೂಲಕವೇ ದಾರಿ. ರಾಮಾಂಜಿನಪ್ಪನ ಹೆಂಡತಿ ಚಿಕ್ಕಮುನಿಯಮ್ಮ ಮಸಿ ಹಿಡಿದ ಮೆಟ್ಟಿಲನ್ನು ಸೆರಗಿನಿಂದ ಒರೆಸಿ ಕೂರಿಸಿದಳು, ಮಜ್ಜಿಗೆ ಕೊಟ್ಟಳು.

“ಈ ದುಡ್ಡು ಬರ್ದೇ ಇದ್ರೆ ಅಂಗಡಿ ಎತ್ತಿಬಿಡ್ಬೇಕು ಮೇಡಮ್ಮೋರೆ,” ಎಂದ ರಾಮಾಂಜಿನಪ್ಪ. “ಈ ವಯಸ್ಸಲ್ಲಿ ಇನ್ನೊಬ್ರ ಅಂಗಡೀಲಿ ಸೂಜಿ ಹಿಡ್ಕೊಂಡು ಕೂತ್ಕೋಬೇಕು.”

“ಇದೂ ಅಂಗಡೀನೇ ಅಲ್ವಾ? ಕಣ್ಣಿಗೇ ಕಾಣ್ತಿದೆ. ಯೋಚನೆ ಮಾಡ್ಬೇಡಿ,” ಎಂದಳು ವಾಣಿ.

ಬಂದು, ಕೊಡಲೇಬೇಕು ಎಂದು ಎರಡು ಪುಟ ಬರೆದಳು. ರಾಯರು ಓದಿ, “ಚೆನ್ನಾಗಿದೆ, ಇನ್ನೊಂದು ಬರಿ” ಎಂದರು. ಅವಳು ಬರೆದಳು. ಆ ವರಾಂಡಕ್ಕೆ ಬಾಗಿಲಿಲ್ಲ. ಬಾಗಿಲು ಹಾಕಿ ಬೀಗ ಜಡಿಯಲಾಗದ ಜಾಗವನ್ನು ಒಳಗು ಎನ್ನಲಾಗದು. ಎಂಥ ದರಿದ್ರ ವಾದ! ಆದರೆ ಮೊದಲಿನದಕ್ಕಿಂತ ಇದೇ ಸೊಗಸಾಗಿ ಬಂದಿತ್ತು. ರಾಯರು “ಭೇಷ್” ಎಂದು ಫೋನು ಎತ್ತಿದರು. ವರ್ಷದ ಕೊನೆ, ಈಗಾಗಲೇ ಕ್ಲೇಮು ಜಾಸ್ತಿಯಾಗಿದೆ, ಬೇಡ ಅನ್ನೋದನ್ನೇ ಕಳಿಸಿ ಎಂದರು ವೀರಭದ್ರಯ್ಯ.

ವಾಣಿಗೆ ಮೈಯೆಲ್ಲ ಉರಿದುಹೋಯಿತು. ಲಕೋಟೆಗೆ ಎರಡನ್ನೂ ತುರುಕಿ ಅಂಟಿಸಿದಳು. ಒಂದೇ ತಾರೀಖು, ಒಂದೇ ರುಜು, ಎರಡು ಮಾತು. ಓದಲು ಬರುವವನು ಯಾವನಾದರೂ ಆ ಆಫೀಸಿನಲ್ಲಿದ್ದರೆ ರಾಯರ ಮಾನ ಹರಾಜಾಗುತ್ತದೆ ಎಂದುಕೊಂಡಳು. ಮೂರು ದಿನ ಗುಡುಗಿಗೆ ಕಾದಳು.

ನಾಲ್ಕನೆಯ ದಿನ ವೀರಭದ್ರಯ್ಯನವರ ಫೋನು ಬಂತು. ಗಟ್ಟಿ ದನಿಯ ಮನುಷ್ಯ. ಫೋನು ರಾಯರ ಕಿವಿಯಲ್ಲಿದ್ದರೂ ವಾಣಿಗೆ ಕೇಳಿಸುತ್ತಿತ್ತು. “ಎರಡೂ ಬಂದ್ಬಿಟ್ಟಿದೆ ರಾಯರೇ. ಕೊಡ್ಬೇಕು ಅನ್ನೋದನ್ನ ಹರಿದು ಹಾಕ್ದೆ. ಬಿಲ್ ಮಾತ್ರ ಒಂದಕ್ಕೇ ಕಳಿಸಿ, ಹ್ಹ ಹ್ಹ.” ರಾಯರೂ ನಕ್ಕರು. ಫೋನಿಟ್ಟು, “ಸ್ವಲ್ಪ ನೋಡಿ ಹಾಕಮ್ಮ ಕವರಿಗೆ” ಎಂದರು, ಅಷ್ಟೇ. ಮಾನವಿದ್ದವರದಲ್ಲವೇ ಹರಾಜಾಗುವುದು?

ಪರಿಹಾರ ಸಿಗದೆ ರಾಮಾಂಜಿನಪ್ಪ ಗ್ರಾಹಕರ ವೇದಿಕೆಗೆ ಹೋದ. ವಕೀಲರಿಗೆ ಕೊಡಲು ಗತಿಯಿಲ್ಲದೆ ತಾನೇ ನಿಂತ. ವಿಚಾರಣೆಯ ದಿನ ರಾಯರಿಗೆ ಹೈಕೋರ್ಟಿನಲ್ಲಿ ಕೆಲಸವಿತ್ತು. ಕಂಪನಿಯ ಪರವಾಗಿ ವಾಣಿಯನ್ನು ಕಳಿಸಿದರು. ಅವಳನ್ನು ಕಂಡದ್ದೇ ರಾಮಾಂಜಿನಪ್ಪನ ಮುಖ ಅರಳಿತು. ಯಾರ ಪರ ಬಂದಿದ್ದಾಳೆ ಎಂಬುದು ಪಾಪ ಅವನಿಗೆ ಹೊಳೆಯಲೇ ಇಲ್ಲ.

“ಸ್ವಾಮಿ, ನಂಗೆ ಕಾನೂನು ಗೊತ್ತಿಲ್ಲ. ಈ ಮೇಡಮ್ಮೋರೇ ಬಂದು ಕಣ್ಣಾರೆ ನೋಡವ್ರೆ. ಇದೂ ಅಂಗಡೀನೇ ಅಂದವ್ರೆ. ಅವ್ರನ್ನೇ ಕೇಳಿ.”

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. “ಏನಮ್ಮಾ, ಹೋಗಿ ನೋಡಿದ್ರಾ ಜಾಗಾನ?”

ಹೌದು ಎಂದರೆ ಸಾಕಿತ್ತು. ಆದರೆ ಸಂಜೆಯೊಳಗೆ ರಾಯರ ಆಫೀಸು ಇಲ್ಲ, ಪಟ್ಟಿಯಲ್ಲಿ ಹೆಸರಿಲ್ಲ, ಮೂರು ವರ್ಷ ನೀರಿನಲ್ಲಿ ಹೋಮ.

“ನಾನು ಕಂಪನಿ ಪರ ವಕೀಲೆ, ಸಾಕ್ಷಿ ಅಲ್ಲ ಸ್ವಾಮಿ. ನೋಡಿದ್ದು ಬಿಟ್ಟಿದ್ದು ಯಾವ್ದೂ ದಾಖಲೆಯಲ್ಲಿಲ್ಲ,” ಎಂದಳು. ಆಮೇಲೆ ಆ ದರಿದ್ರ ವಾದವನ್ನೇ ಹತ್ತು ನಿಮಿಷ ಮಾಡಿದಳು. ಎಲ್ಲೂ ತಡವರಿಸಲಿಲ್ಲ. ನಡುವೆ ಒಮ್ಮೆ, ರಾಯರಿಗಿಂತ ತಾನೇ ವಾಸಿ ಎಂಬ ಹೆಮ್ಮೆ ಕೂಡ ಸುಳಿದುಹೋಯಿತು. ಆ ಹೆಮ್ಮೆಗಿಷ್ಟು ಬೆಂಕಿ ಹಾಕ.

ತಿಂಗಳ ಮೇಲೆ ಆದೇಶ ಬಂತು: ದೂರು ವಜಾ. ಮೆಟ್ಟಿಲಿಳಿಯುವಾಗ ರಾಮಾಂಜಿನಪ್ಪ ಎದುರಾದ. ಹಿಂದೆ ಚಿಕ್ಕಮುನಿಯಮ್ಮ. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ ಎಂದು ವಾಣಿ ಮನಸ್ಸು ಗಟ್ಟಿ ಮಾಡಿಕೊಂಡು ನಿಂತಳು.

“ಬೇಜಾರು ಮಾಡ್ಕೋಬೇಡಿ ಮೇಡಮ್ಮೋರೆ,” ಎಂದ ಅವನು. “ಅವತ್ತು ಎಲ್ರ ಮುಂದೆ ನಿಮ್ಮ ಹೆಸರು ಎಳೆದ್ಬಿಟ್ಟೆ. ಎಷ್ಟು ಅಂಗಡಿ ನೋಡ್ತೀರೋ ಏನೋ, ಪಾಪ. ನಮ್ಮದು ನಿಮಗೆ ನೆನಪಿರಲಿಲ್ಲ ಅಂತ ಕಾಣುತ್ತೆ.”

“ಹೌದು,” ಎಂದಳು ವಾಣಿ. “ನೆನಪಿರಲಿಲ್ಲ.”