ಸಿಸ್ಟಮ್ಮಲ್ಲಿಲ್ಲದ ಬೆಲ್ಟು

"ಕೈ ತೆಗಿಯೋ ಬೋಳಿಮಗನೆ! ನಿಮ್ಮಪ್ಪ ತಂದಿಟ್ಟಿದ್ನಾ?"

ಸ್ಟೋರ್ ಕೀಪರ್ ನಟರಾಜ್ ಕೂಗಿದ್ದಕ್ಕೆ ವಾಸಪ್ಪ ಕಿಟಕಿಯೊಳಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ಅವನ ಹಿಂದೆ ಜಲ್ಲಿಬುಟ್ಟಿ ಹಿಡಿದು ನಿಂತಿದ್ದ ಹೆಂಡತಿ ದುಗ್ಗಮ್ಮನಿಗೆ ಒಳಗಿನದೆಲ್ಲ ಕಾಣುತ್ತಿತ್ತು. ಎತ್ತರಕ್ಕೆ ಹತ್ತುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಹಳದಿ ಬೆಲ್ಟುಗಳು ಗೋಡೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ.

"ಅಲ್ಲೇ ಐತಲ್ಲ ಸಾಮಿ," ಎಂದಳು.

"ನಿನ್ ಕಣ್ಣಿಗಿದೆ, ಸಿಸ್ಟಮ್ಮಲ್ಲಿಲ್ಲ. ಜೀರೋ ತೋರಿಸ್ತದೆ. ಅದು ಹೂಂ ಅನ್ನದೆ ಒಂದು ಮೊಳೆ ಕೊಟ್ರೂ ನನ್ ಕೆಲ್ಸ ಹೋಗ್ತದೆ."

ಹೊಸನಗರದ ದಾರಿಯಲ್ಲಿ ಹೊಳೆಗೆ ಸೇತುವೆ ಕಟ್ಟುತ್ತಿದ್ದ ಆ ದೊಡ್ಡ ಕಂಪನಿ ಸ್ಟೋರು, ಹಾಜರಿ, ಬಿಲ್ಲು ಎಲ್ಲವನ್ನೂ ಆ ವಾರವಷ್ಟೇ ಒಂದೇ ಸಾಫ್ಟ್‌ವೇರಿಗೆ ಹಾಕಿತ್ತು. ಅದನ್ನು ಕೂರಿಸಲು ಹೆಡ್ ಆಫೀಸಿನಿಂದ ಅಶ್ವಿನ್ ಎಂಬ ಇಂಜಿನಿಯರ್ ಬಂದಿದ್ದ. ಸ್ಟೋರಿನ ಸಾಮಾನನ್ನು ಅವನಿನ್ನೂ ಅದಕ್ಕೆ ಏರಿಸಿರಲಿಲ್ಲ. ಹಳೆಯ ಬೆಲ್ಟುಗಳನ್ನು ಮಾತ್ರ ಸವೆದಿವೆ ಎಂದು ಆಗಲೇ ಸುಟ್ಟಾಗಿತ್ತು.

ದುಗ್ಗಮ್ಮ ಅಶ್ವಿನ್ ಕೂತಿದ್ದ ಎಸಿ ಕಂಟೇನರ್ ಆಫೀಸಿನ ಬಾಗಿಲಿಗೆ ಹೋಗಿ ನಿಂತಳು. "ಸಾ, ನೀವೊಂದ್ ಮಾತು ಹೇಳ್ರಿ. ನನ್ ಗಂಡ ಬೆಲ್ಟಿಲ್ದೆ ಹತ್ತಬೇಕು."

ಅಶ್ವಿನ್ ತಲೆಯೆತ್ತಲಿಲ್ಲ. "ನಾಳೆ ಅಪ್‌ಲೋಡ್ ಆಗತ್ತಮ್ಮ. ಹೊರಗೆ ನಿಂತ್ಕೊಳ್ಳಿ, ಕಾಲೆಲ್ಲ ಕೆಸರು."

ಅವಳು ವಾಪಸು ಬಂದು ಗಂಡನ ತೋಳು ಹಿಡಿದಳು. "ಇವತ್ತು ಹತ್ಬ್ಯಾಡ ಮಾರಾಯ."

"ಹತ್ತದಿದ್ರೆ ಗೇಟಿಂದಾಚೆಗೆ ಕಳಿಸ್ತಾರೆ ಕಣೆ. ಮತ್ತೆ ಒಳಗೆ ಬಿಟ್ಕಳಲ್ಲ," ಎಂದ ವಾಸಪ್ಪ. ನಗಲು ನೋಡಿದ, ಆಗಲಿಲ್ಲ. ಸೇತುವೆಯ ಕಂಬ ಹತ್ತಿದ.

ಊಟಕ್ಕೆ ಮುಂಚೆ ಮೇಲೆ ಅವನು ನಿಂತಿದ್ದ ಹಲಗೆ ಜಾರಿತು. ಬುಟ್ಟಿಯನ್ನು ತಲೆಗೇರಿಸುತ್ತಿದ್ದ ದುಗ್ಗಮ್ಮನಿಗೆ ಕೂಗು ಕೇಳಿಸಲಿಲ್ಲ, ಮೂಟೆ ಬಿದ್ದಂಥ ಸದ್ದಷ್ಟೇ ಕೇಳಿಸಿತು. ಪಕ್ಕದ ಕಂಬಕ್ಕೆಂದು ಗುಂಡಿಯಲ್ಲಿ ಕಟ್ಟಿ ನಿಲ್ಲಿಸಿದ್ದ ಕಂಬಿಗಳ ನಡುವೆ ವಾಸಪ್ಪ ಬಿದ್ದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಮಾರನೆಯ ದಿನ ಪೊಲೀಸಿನವನು ಬಂದಾಗ ನಟರಾಜ್ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. ಸ್ಟೋರಿನ ಸಾಮಾನೆಲ್ಲ ರಾತ್ರೋರಾತ್ರಿ ಅದಕ್ಕೆ ಏರಿತ್ತು.

"ನೋಡಿ ಸಾರ್, ವಾಸಪ್ಪನ ಹೆಸರಿಗೆ ನಿನ್ನೆ ಬೆಳಿಗ್ಗೇನೇ ಬೆಲ್ಟ್ ಇಶ್ಯೂ ಆಗಿದೆ. ಹಾಕ್ಕೊಂಡಿಲ್ಲ. ಈ ಕೇರಿ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೆ. ಕುಡ್ದು ಹತ್ತಿರ್ಬೇಕು."

"ಸುಳ್ಳು ಬೊಗಳ್ಬ್ಯಾಡ ಸೂಳೆಮಗನೆ! ಕೊಡಿ ಅಂತ ಕೈ ಚಾಚಿದ್ನಲ್ಲೋ!" ದುಗ್ಗಮ್ಮ ಅರಚಿದಳು. ಬಾಗಿಲಲ್ಲಿ ನಿಂತಿದ್ದ ಅಶ್ವಿನ್ ಕಡೆ ತಿರುಗಿದಳು. "ಸಾ, ನಾನು ಬಂದು ಕೇಳಿದ್ನಲ್ಲ. ನೀವಾದ್ರೂ ಹೇಳ್ರಿ."

ಅಶ್ವಿನ್ ಕಂಪ್ಯೂಟರಿನ ಕಡೆ ನೋಡಿದ.

"ಸಿಸ್ಟಮ್ಮಲ್ಲಿ ಹಾಗೇ ಇದೆ," ಎಂದ.

"ಏಯ್, ಬಾಯಿ ಮುಚ್ಚೆ," ಎಂದು ಪೊಲೀಸಿನವನು ದುಗ್ಗಮ್ಮನಿಗೆ ಗದರಿ ಬರೆದುಕೊಂಡ.

ಗಂಡನನ್ನು ಮಣ್ಣು ಮಾಡಿದ ಮರುಬೆಳಿಗ್ಗೆ ಅವಳು ಸೈಟಿಗೆ ಬಂದಳು. ಯಾರನ್ನೂ ಮಾತಾಡಿಸದೆ ಗುಂಡಿಗಿಳಿದು, ಅವನು ಬಿದ್ದಿದ್ದ ಕಂಬಿಗಳ ನಡುವೆ ನುಸುಳಿ ಕೂತಳು. ಆ ಗುಂಡಿಗೆ ಸುರಿಯಬೇಕಿದ್ದ ಕಾಂಕ್ರೀಟ್ ಲಾರಿ ಬಂದು ನಿಂತಿತ್ತು. ಡ್ರೈವರ್ ಹಾರ್ನ್ ಒತ್ತಿದ. ನಟರಾಜ್ ಓಡಿಬಂದು ಅಮ್ಮ ಅಕ್ಕ ಎಂದು ಬೈದ, ಆಮೇಲೆ ಕೈಮುಗಿದ.

"ಏಳೇ ಮಾರಾಯ್ತಿ, ಮಾಲು ಗಟ್ಟಿಯಾಗ್ತದೆ!"

ಕೆಲಸದವರು ಗುಂಡಿಯ ದಂಡೆಯ ಮೇಲೆ ಗುಂಪಾಗಿ ನಿಂತರು. ಯಾರೂ ಅವಳನ್ನು ಎಳೆಯಲು ಇಳಿಯಲಿಲ್ಲ, ಪಕ್ಕದಲ್ಲಿ ಕೂರಲೂ ಇಳಿಯಲಿಲ್ಲ. ದುಗ್ಗಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಿದ್ದಳು. ಅವಳ ತಲೆಯ ಮೇಲೆ ಲಾರಿಯ ಹೊಟ್ಟೆ ಗರಗರ ತಿರುಗುತ್ತಲೇ ಇತ್ತು.