ಹೊನ್ನಯ್ಯನ ಎತ್ತರ

ಪಿತೃಪಕ್ಷ ಅರ್ಧ ಕಳೆಯುವ ಹೊತ್ತಿಗೆ ಹೊನ್ನಯ್ಯ ಕೆಳಗಿಳಿಯತೊಡಗಿದ. ಹೊನ್ನಯ್ಯ ಎಂದರೆ, ಗೆಜ್ಜಲಗೆರೆಯ ಆಚೆಗಿನ ಎಂಜಿನಿಯರಿಂಗ್ ಕಾಲೇಜೊಂದು ಹಾರಿಸಿದ್ದ, ಟಿಫನ್ ಕ್ಯಾರಿಯರ್‌ನಷ್ಟು ದೊಡ್ಡ ಉಪಗ್ರಹ. ಹಣ ಕೊಟ್ಟವರು ಕಾಲೇಜಿನ ಅಧ್ಯಕ್ಷ ಕೆಂಪರಾಜು. ಹಾಗಾಗಿ ಅದಕ್ಕೆ ಹೋದ ವರ್ಷ ತೀರಿಹೋದ ಅವರಪ್ಪನ ಹೆಸರು. ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿ ಪಾಠ ಮಾಡುವ ಗೋದಾಳದು. ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಇಲ್ಲಿಗೆ ದಿನವೂ ಬಸ್ಸು ಬದಲಿಸಿ ಬಂದು, ಮಗಳ ಜ್ವರ, ಅತ್ತೆಯ ಮೊಣಕಾಲು ಎಲ್ಲವನ್ನೂ ಗೇಟಿನಾಚೆ ಬಿಟ್ಟು, ಅದರ ಒಂದೊಂದು ತಂತಿಯನ್ನೂ ಬೆಸೆದವಳು ಅವಳು.

ರಾಕೆಟ್ಟು ಅದನ್ನು ತೀರ ಕೆಳಗಿನ ಕಕ್ಷೆಯಲ್ಲಿ ಬಿಟ್ಟಿತ್ತು. ಅಲ್ಲಿಂದ ಅದು ತನ್ನದೇ ಪುಟ್ಟ ಎಂಜಿನ್ ಹೊತ್ತಿಸಿಕೊಂಡು ಮೇಲೇರಬೇಕು. ಹೊತ್ತಿಸುವ ಆಜ್ಞೆ ಕಾಲೇಜಿನ ತಾರಸಿಯ ಆಂಟೆನಾದಿಂದ ಹೋಗಬೇಕು. ಗುಂಡಿಯನ್ನು ಮಾತ್ರ ಅಧ್ಯಕ್ಷರೇ ಒತ್ತಬೇಕು, ಅದೂ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ, ಶಾಮಿಯಾನ ಹಾಕಿಸಿ.

ಅಷ್ಟರಲ್ಲಿ ಸೂರ್ಯ ಕೆರಳಿದ. ಅವನಿಂದ ಸಿಡಿದ ವಿದ್ಯುತ್ ಕಣಗಳ ಮೋಡ ಭೂಮಿಯ ಕಾಂತಕ್ಷೇತ್ರಕ್ಕೆ ಬಂದು ಬಡಿಯಿತು; ಸೌರ ಬಿರುಗಾಳಿ ಎನ್ನುತ್ತಾರೆ ಇದಕ್ಕೆ. ನೆಲದ ಮೇಲೆ ಯಾರಿಗೂ ಏನೂ ಗೊತ್ತಾಗಲಿಲ್ಲ, ಕಬ್ಬಿನ ಗರಿಯೂ ಅಲ್ಲಾಡಲಿಲ್ಲ. ಆದರೆ ನೂರಾರು ಕಿಲೋಮೀಟರ್ ಮೇಲೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಗಾಳಿ ಕಾದು ಉಬ್ಬಿತು. ಅದರ ಕೆಳಗಿದ್ದ ದಪ್ಪ ಗಾಳಿ ಹೊನ್ನಯ್ಯನ ದಾರಿಯವರೆಗೂ ಏರಿ ಬಂತು. ಟಾರು ರಸ್ತೆಯಲ್ಲಿ ಓಡುತ್ತಿದ್ದವನನ್ನು ಕೆಸರುಗದ್ದೆಗೆ ಇಳಿಸಿದಂತಾಯಿತು. ಸುತ್ತು ಸುತ್ತಿಗೂ ಎತ್ತರ ತಗ್ಗುತ್ತಿತ್ತು.

ಗೋದಾ ಪ್ರಿನ್ಸಿಪಾಲ್ ಕಸ್ತೂರಿರಂಗ ಅವರನ್ನು ಕರೆದುಕೊಂಡು ಅಧ್ಯಕ್ಷರ ಕೋಣೆಗೆ ಹೋದಳು.

"ಮೇಲೆ ಗಾಳಿನೇ ಇಲ್ಲ ಅಂತ ನೀವೇ ಪಾಠ ಮಾಡ್ತೀರಿ. ಈಗ ನೋಡುದ್ರೆ ಬಿರುಗಾಳಿ ಅಂತೀರಿ. ಯಾವ್ದಾರ ಒಂದು ಏಳಿ ಕಣಮ್ಮ," ಎಂದರು ಕೆಂಪರಾಜು.

"ಗಾಳಿ ಚೂರು ಇದೆ ಸರ್. ಅದೀಗ ಬಿಸಿಯಾಗಿ ಉಬ್ಬಿದೆ. ಇವತ್ತೇ ಎಂಜಿನ್ ಹೊತ್ತಿಸದಿದ್ರೆ ಅಮಾವಾಸ್ಯೆ ಹೊತ್ತಿಗೆ ಉಪಗ್ರಹ ಉರಿದು ಬೂದಿಯಾಗಿರುತ್ತೆ."

"ಬುಡ್ತು ಅನ್ನಿ! ನಮ್ಮಪ್ಪ ಓದ ಮೇಲೆ ಇದು ಮೊದಲ್ನೇ ಪಕ್ಷ. ಇನ್ನೂ ಎಡೆನೇ ಇಕ್ಕಿಲ್ಲ. ಅಷ್ಟರಲ್ಲಿ ಅವರ ಎಸ್ರಿಗೆ ಬೆಂಕಿ ಅಚ್ಚು ಅಂತೀರಲ್ಲ, ನಿಮ್ಮನೇಲಿ ಇರೀಕರಿಲ್ವಾ?"

ಕಸ್ತೂರಿರಂಗ ಫ್ಯಾನು ತಿರುಗುವುದನ್ನು ನೋಡುತ್ತ ಕೂತಿದ್ದರು. ಹೊರಗೆ ಬಂದ ಮೇಲೆ, "ನಿಮಗೆ ಎಲ್ಲದಕ್ಕೂ ಗಾಬರಿ ಮೇಡಂ," ಎಂದಷ್ಟೇ ಹೇಳಿ ನಡೆದರು.

ಮಧ್ಯಾಹ್ನ ಹೊನ್ನಯ್ಯ ಮಂಡ್ಯದ ಆಕಾಶಕ್ಕೆ ಬರುವ ಹೊತ್ತಿಗೆ ಪ್ರಯೋಗಾಲಯದಲ್ಲಿ ಗೋದಾಳ ಜೊತೆ ಇದ್ದವಳು ಕೆರಗೋಡಿನ ಸಹಾಯಕಿ ವೀಣ ಒಬ್ಬಳೇ.

"ತಾತ ಎಲ್ಲಿಗಂಟ ಇಳಿದವ್ರೆ ಮೇಡಂ?"

"ನಾಳೆ ಆದ್ರೆ ಎಂಜಿನ್ನೂ ಎತ್ತಲಾರದು ಕಣೇ."

"ಮತ್ಯಾಕೆ ಅಂಗೆ ಕೂತಿದ್ದೀರಿ? ನಾನಂತೂ ಬಾಗ್ಲು ಕಡೆ ತಿರಿಕಂಡಿವ್ನಿ. ನಂಗೇನೂ ಕಾಣಾಕಿಲ್ಲ."

ಗೋದಾಳಿಗೆ ನಗು ಬಂತು. ಮನೆಯಲ್ಲೂ ಅವಳು ಬದುಕಿದ್ದು ಹೀಗೆಯೇ. ಅತ್ತೆಯ ಆಪರೇಷನ್ನು, ಮಗಳ ಕಾಲೇಜು, ಯಾವುದನ್ನಾದರೂ ಮೊದಲು ಮಾಡಿ ಮುಗಿಸುವುದು. ಆಮೇಲೆ ಅದು ಗಂಡನ ತೀರ್ಮಾನವಾಗಿ ಅವನ ಬಾಯಿಂದಲೇ ನೆಂಟರಿಗೆ ತಿಳಿಯುವಂತೆ ನೋಡಿಕೊಳ್ಳುವುದು. ಅಭ್ಯಾಸದ ಕೈ ಕೀಲಿಗಳನ್ನು ಒತ್ತಿತು. ಆಜ್ಞೆ ಹೋಯಿತು. ಮುಂದಿನ ಸಲ ತಲೆಯ ಮೇಲೆ ಹಾಯುವಾಗ ಹೊನ್ನಯ್ಯ ಏರುತ್ತಿದ್ದ.

ಅಮಾವಾಸ್ಯೆ ಕಳೆಯಿತು. ಶಾಮಿಯಾನ ಬಂತು, ಪುರೋಹಿತರು ಬಂದರು. ಕೆಂಪರಾಜು ಕುಂಕುಮ ಹಚ್ಚಿದ ಕೆಂಪು ಗುಂಡಿಯನ್ನು ಒತ್ತಿದರು. ಅದಕ್ಕೆ ಗೋದಾ ತಂತಿಯನ್ನೇ ಜೋಡಿಸಿರಲಿಲ್ಲ. ಪರದೆಯ ಮೇಲೆ, ವಾರದಿಂದ ಮೆಲ್ಲಗೆ ಏರುತ್ತಲೇ ಇದ್ದ ಎತ್ತರದ ಅಂಕಿಯನ್ನು ಕಂಡು ಜನ ಚಪ್ಪಾಳೆ ತಟ್ಟಿದರು.

"ಕೆಲವರು ಎದುರ್ಕಂಡಿದ್ರು," ಎಂದರು ಕೆಂಪರಾಜು ಮೈಕಿನಲ್ಲಿ, ಗೋದಾಳ ಕಡೆ ನೋಡಿ ನಗುತ್ತ. "ಬಿದ್ದೋಯ್ತದೆ, ಸುಟ್ಟೋಯ್ತದೆ ಅಂತ. ಪಕ್ಷ ಕಳಿಯೋಗಂಟ ನಮ್ಮಪ್ಪನೇ ಇಡ್ಕಂಡಿದ್ರು ಕಣ್ರಪ್ಪಾ!" ಆಮೇಲೆ ಮುಂದಿನ ಉಪಗ್ರಹದ ಹೊಣೆ ಶ್ರೀಕರನಿಗೆ ಎಂದು ಸಾರಿದರು. ಶ್ರೀಕರ ಗೋದಾಳ ಕೈಕೆಳಗೆ ಕಲಿತ ಹುಡುಗ. ಎದ್ದು ನಿಂತು ಎಲ್ಲರಿಗೂ ಕೈಮುಗಿದ.

ಊಟದ ಸಾಲಿನಲ್ಲಿ ಗೋದಾ ಕಸ್ತೂರಿರಂಗ ಅವರ ಪಕ್ಕ ಹೋಗಿ ನಿಂತಳು.

"ಸರ್, ಎಂಜಿನ್ ಹೊತ್ತಿಸಿದ್ದು ನಾನು. ಪಕ್ಷದಲ್ಲೇ, ಬಿರುಗಾಳಿಯ ದಿನವೇ."

ಅವರು ಸುತ್ತ ಒಮ್ಮೆ ನೋಡಿದರು. "ಗೊತ್ತು ಮೇಡಂ. ಎತ್ತರ ನಾನೂ ನೋಡ್ತಿದ್ದೆ. ನಾನೂ ಭೌತಶಾಸ್ತ್ರ ಓದಿದವನೇ."

"ಗೊತ್ತಿದ್ದೂ ಶ್ರೀಕರನಿಗೆ ಕೊಡಿಸಿದ್ರಾ?"

"ಗೊತ್ತಿದ್ದಕ್ಕೇ ಕೊಡಿಸಿದ್ದು. ಅವನು ಹೇಳಿದ್ದು ಕೇಳ್ತಾನೆ."

ಯಾರ ಕಣ್ಣಿಗೂ ಬೀಳದೆ ಮಾಡಿದೆ ಎಂದುಕೊಂಡಿದ್ದಳು. ಇವರು ಕಣ್ಣು ಬಿಟ್ಟುಕೊಂಡೇ ಕಾದಿದ್ದರು: ಉಪಗ್ರಹ ಉಳಿದರೆ ಅಧ್ಯಕ್ಷರ ಅಪ್ಪನ ಪುಣ್ಯ, ಬಿದ್ದರೆ ಗೋದಾಳ ಉದ್ಧಟತನ.

"ಕೇಸರಿಬಾತ್ ಹಾಕಿಸಿಕೊಳ್ಳಿ, ಆರ್ತಾ ಇದೆ," ಎಂದು ಕಸ್ತೂರಿರಂಗ ಮುಂದೆ ಸರಿದರು.

ಗೋದಾ ತಟ್ಟೆ ಚಾಚಿದಳು. ತಿಂದಳು ಕೂಡ. ತುಪ್ಪ ಧಾರಾಳವಾಗಿ ಹಾಕಿದ್ದರು.